ಅಪ್ಪನ ಕೋಪ ಮಗನಿಗೆ ಬಂದದ್ದು ಹೇಗೆ? ಸ್ವಭಾವದಲ್ಲಿ ಜೀನ್ ಪಾಲೆಷ್ಟು, ಸಾಕಿದ್ದರ ಪಾಲೆಷ್ಟು

[ದೃಶ್ಯ: ಬಾಗೇಪಲ್ಲಿ ತಾಲ್ಲೂಕಿನ ಒಂದು ಹಳ್ಳಿ. ಕೊಳವೆಬಾವಿಯ ನಲ್ಲಿ. ಲೋಟದಲ್ಲಿ ನೀರು, ಹತ್ತಿರದಿಂದ. ನಂತರ ಕಂದು ಗೆರೆ ಬಿದ್ದ ಹಲ್ಲಿನ ಚಿತ್ರ.]

ಬಾಗೇಪಲ್ಲಿ, ಪಾವಗಡದ ಕಡೆ ಕೆಲವು ಊರುಗಳಲ್ಲಿ ಒಂದೇ ಮನೆಯ ಅಪ್ಪ, ಚಿಕ್ಕಪ್ಪ, ಇಬ್ಬರು ಮಕ್ಕಳು, ಎಲ್ಲರ ಮುಂದಿನ ಹಲ್ಲಿನ ಮೇಲೂ ಅದೇ ಕಂದು ಗೆರೆ ಕಾಣಿಸುತ್ತದೆ. "ನಮ್ಮ ವಂಶದಲ್ಲೇ ಹಲ್ಲು ಹೀಗೆ" ಅನ್ನುತ್ತಾರೆ. ಅದು ವಂಶದ್ದಲ್ಲ, ಕೊಳವೆಬಾವಿ ನೀರಿನಲ್ಲಿರುವ ಫ್ಲೋರೈಡ್‌ದು.

ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಸಿಗದಿದ್ದರೆ 1.5ರ ತನಕ ಸರಿ ಎಂದು ಭಾರತೀಯ ಮಾನಕ ಹೇಳುತ್ತದೆ. ಅದಕ್ಕಿಂತ ಹೆಚ್ಚಿರುವ ನೀರನ್ನು ಸುಮಾರು 8 ವರ್ಷದೊಳಗೆ, ಕಾಯಂ ಹಲ್ಲಿನ ಎನಾಮಲ್ (ಗಟ್ಟಿ ಹೊರಪದರ) ವಸಡಿನೊಳಗೆ ಕಟ್ಟುತ್ತಿರುವಾಗ ಕುಡಿದರೆ ಕಲೆ ಕೂರುತ್ತದೆ. ಎನಾಮಲ್ ಗಟ್ಟಿಯಾದ ಮೇಲೆ ಕುಡಿದರೆ ಈ ಕಲೆ ಬರುವುದಿಲ್ಲ. ಹಾಗಾಗಿ ಒಳ್ಳೆಯ ನೀರಿನ ಊರಿನಿಂದ ಮದುವೆಯಾಗಿ ಬಂದ ಸೊಸೆಯ ಹಲ್ಲು ಬೆಳ್ಳಗೇ ಉಳಿಯುತ್ತದೆ, ಅವಳ ಮಕ್ಕಳ ಹಲ್ಲಿಗೆ ಗೆರೆ ಬೀಳುತ್ತದೆ. ನೋಡಿದವರು "ಮಕ್ಕಳು ಪೂರ್ತಿ ಅಪ್ಪನ ಕಡೆ" ಅಂದುಬಿಡುತ್ತಾರೆ. (ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ, ಉಳಿದದ್ದರಲ್ಲಿ ಫ್ಲೋರೈಡ್ ಪ್ರಮಾಣ ಇನ್ನೂ ಹೆಚ್ಚುತ್ತದೆ. ಇದನ್ನು ದಯವಿಟ್ಟು ನೆನಪಿಡಿ.)

ಈಗ ಅದೇ ಮನೆಯಲ್ಲಿ ಇನ್ನೊಂದು ಮಾತು ಕೇಳಿ: "ಇವನ ಮುಂಗೋಪ ಅವರಪ್ಪಂದೇ, ರಕ್ತದಲ್ಲೇ ಬಂದಿದೆ." ಇದು ನಿಜವೇ? ಅಪ್ಪ ಮಗನಿಗೆ ಜೀನನ್ನೂ ಕೊಟ್ಟಿದ್ದಾನೆ, ದಿನಾ ಕೂಗಾಡುವ ಮನೆಯನ್ನೂ ಕೊಟ್ಟಿದ್ದಾನೆ. ಎರಡೂ ಒಂದೇ ಕೈಯಿಂದ ಬಂದಿವೆ. ಒಂದು ಮನೆಯನ್ನು ಎಷ್ಟು ಹೊತ್ತು ನೋಡಿದರೂ ಇವೆರಡನ್ನು ಬೇರೆ ಮಾಡಲು ಆಗುವುದಿಲ್ಲ.

[ದೃಶ್ಯ: ಕಪ್ಪು ಹಲಗೆ. ಎರಡು ಜೋಡಿ ಗೊಂಬೆ.]

ಬೇರೆ ಮಾಡಲು ಅವಳಿಗಳು ಬೇಕು. 1875ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಈ ದಾರಿ ಹಿಡಿದರು. ಒಂದೇ ಮೊಟ್ಟೆ ಎರಡಾಗಿ ಹುಟ್ಟಿದ ತದ್ರೂಪಿ ಅವಳಿಗಳಲ್ಲಿ ಡಿಎನ್‌ಎ ಹೆಚ್ಚುಕಡಿಮೆ ಪೂರ್ತಿ ಒಂದೇ. ಎರಡು ಮೊಟ್ಟೆಯಿಂದ ಹುಟ್ಟಿದ ಭಿನ್ನ ಅವಳಿಗಳು ಸಾಮಾನ್ಯ ಅಣ್ಣತಂಗಿಯರ ಹಾಗೆ. ಜನರಲ್ಲಿ ವ್ಯತ್ಯಾಸವಿರುವ ಜೀನ್‌ಗಳಲ್ಲಿ ಸರಾಸರಿ ಅರ್ಧ ಮಾತ್ರ ಅವರಿಬ್ಬರಲ್ಲಿ ಸಮ. ಮನೆ, ಊಟ, ಹುಟ್ಟಿದ ವರ್ಷ ಎರಡೂ ಬಗೆಯ ಜೋಡಿಗೆ ಒಂದೇ.

ಲೆಕ್ಕ ಮಾಡೋಣ. ಆತಂಕದ ಸ್ವಭಾವವನ್ನು ಅಳೆದೆವು ಅಂದುಕೊಳ್ಳಿ. ಹೋಲಿಕೆಯ ಅಂಕಿ (ಪೂರ್ತಿ ಹೋಲಿದರೆ 1, ಹೋಲಿಕೆಯೇ ಇಲ್ಲದಿದ್ದರೆ 0) ತದ್ರೂಪಿ ಜೋಡಿಗಳಲ್ಲಿ 0.46, ಭಿನ್ನ ಜೋಡಿಗಳಲ್ಲಿ 0.25 ಬಂತು. ಎರಡರ ಅಂತರ 0.21. ಭಿನ್ನ ಜೋಡಿಗಳಲ್ಲಿ ಜೀನ್ ಅರ್ಧವೇ ಸಮ, ಹಾಗಾಗಿ ಈ ಅಂತರ ಜೀನ್ ಪ್ರಭಾವದ ಅರ್ಧ ಮಾತ್ರ. ಅದರ ಎರಡರಷ್ಟು 0.42. ಇದು ಜೀನ್ ಪಾಲು. 0.46ರಲ್ಲಿ 0.42 ಕಳೆದರೆ 0.04. ಇಬ್ಬರನ್ನೂ ಒಂದೇ ರೀತಿ ಮಾಡುವ ಮನೆಯ ಪಾಲು ಇಷ್ಟೇ. 1ರಲ್ಲಿ 0.46 ಹೋದರೆ 0.54. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ತಟ್ಟಿದ ಅನುಭವ, ಆಕಸ್ಮಿಕ, ಅಳತೆಯ ತಪ್ಪು, ಎಲ್ಲ ಈ 0.54ರಲ್ಲಿ ಸೇರಿವೆ. ಇವು ಲೆಕ್ಕ ತೋರಿಸಲು ಹಿಡಿದ ಅಂಕಿಗಳು, ಆದರೆ ನಿಜವಾದ ಫಲಿತಾಂಶಗಳೂ ಇದರ ಆಸುಪಾಸಿನಲ್ಲೇ ಬೀಳುತ್ತವೆ.

ಎಲ್ಲಿ ತಪ್ಪಾಗಬಹುದು? ತದ್ರೂಪಿಗಳಿಗೆ ಒಂದೇ ಬಣ್ಣದ ಬಟ್ಟೆ ಹಾಕುತ್ತೇವೆ, ಒಂದೇ ಬೆಂಚಿನಲ್ಲಿ ಕೂರಿಸುತ್ತೇವೆ. ಆ ಕಾರಣಕ್ಕೇ ಸ್ವಭಾವವೂ ಹತ್ತಿರ ಬಂದಿದ್ದರೆ ಅದನ್ನು ಜೀನ್ ಖಾತೆಗೆ ಬರೆದುಬಿಟ್ಟಂತಾಗುತ್ತದೆ. ಇನ್ನೊಂದು ತಪ್ಪು ಹೆರಿಗೆ ಮನೆಯಲ್ಲೇ ಶುರುವಾಗುತ್ತದೆ. "ಎರಡು ಮಾಸು ಇತ್ತು, ಹಾಗಾಗಿ ತದ್ರೂಪಿಗಳಲ್ಲ" ಅನ್ನುತ್ತಾರೆ. ತದ್ರೂಪಿ ಜೋಡಿಗಳಲ್ಲೂ ಸುಮಾರು ಮೂರರಲ್ಲಿ ಒಂದು ಪಾಲಿಗೆ ಎರಡು ಮಾಸು ಇರುತ್ತದೆ. ಖಚಿತವಾಗಿ ಹೇಳುವುದು ಡಿಎನ್‌ಎ ಪರೀಕ್ಷೆ ಮಾತ್ರ.

ಒಂದೇ ಮನೆಯಲ್ಲಿ ಒಂದೇ ರೀತಿ ಬೆಳೆಸಿದ್ದಕ್ಕೇ ತದ್ರೂಪಿಗಳು ಹತ್ತಿರ ಎಂಬ ಆಕ್ಷೇಪಕ್ಕೆ ಉತ್ತರ ಹುಡುಕಿದವರು ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಥಾಮಸ್ ಬೌಚಾರ್ಡ್. ಚಿಕ್ಕಂದಿನಲ್ಲೇ ಬೇರೆಯಾಗಿ, ಬೇರೆಬೇರೆ ಮನೆಯಲ್ಲಿ ಬೆಳೆದ ಅವಳಿಗಳನ್ನು 1979ರಿಂದ ಹುಡುಕಿ ಹುಡುಕಿ ಪರೀಕ್ಷಿಸಿದರು. 1990ರಲ್ಲಿ ಪ್ರಕಟವಾದ ವರದಿಯಲ್ಲಿ, ಸ್ವಭಾವದ ಅಳತೆಯಲ್ಲಿ ಬೇರೆ ಬೆಳೆದ ತದ್ರೂಪಿಗಳು ಒಟ್ಟಿಗೆ ಬೆಳೆದ ತದ್ರೂಪಿಗಳಷ್ಟೇ ಹತ್ತಿರ ಇದ್ದರು.

ಆದರೂ ಅಂಕಿ ಕಲ್ಲಿನಲ್ಲಿ ಕೆತ್ತಿದ್ದಲ್ಲ. ಅನೇಕ ಅಧ್ಯಯನಗಳನ್ನು ಕೂಡಿಸಿ 2015ರಲ್ಲಿ ನೋಡಿದಾಗ ಸ್ವಭಾವದಲ್ಲಿ ಜೀನ್ ಪಾಲು ಒಟ್ಟು ಶೇ 40 ಬಂತು. ಬಿಡಿಸಿ ನೋಡಿದರೆ ಅವಳಿಗಳ ಅಧ್ಯಯನದಲ್ಲಿ ಶೇ 47, ದತ್ತು ಮತ್ತು ಕುಟುಂಬಗಳ ಅಧ್ಯಯನದಲ್ಲಿ ಶೇ 22. ಇಷ್ಟು ದೊಡ್ಡ ಅಂತರಕ್ಕೆ ಒಂದು ಕಾರಣ, ಜೀನ್‌ಗಳು ಒಂದರ ಜೊತೆ ಒಂದು ಸೇರಿ ಮಾಡುವ ಕೆಲಸ. ಆ ಜೋಡಣೆ ತದ್ರೂಪಿಗಳಲ್ಲಿ ಇಡಿಯಾಗಿ ಸಿಗುತ್ತದೆ, ತಂದೆಯಿಂದ ಮಗುವಿಗೆ ಹೋಗುವಾಗ ಒಡೆದುಹೋಗುತ್ತದೆ.

[ದೃಶ್ಯ: ಕೆಂಪು ಮಣ್ಣಿನ ಎರಡು ರಾಗಿ ಹೊಲ. ಒಂದರಲ್ಲಿ ತುಂಬಿದ ತೆನೆ, ಇನ್ನೊಂದರಲ್ಲಿ ಸಣಕಲು.]

ಶೇ 40 ಅಂದರೇನು? "ನನ್ನ ಮಗನ ಕೋಪದಲ್ಲಿ 40 ಪಾಲು ಜೀನ್, 60 ಪಾಲು ನಾನು ಸಾಕಿದ್ದು" ಎಂದಲ್ಲ. ಇಲ್ಲೇ ಹೆಚ್ಚಿನವರು ಎಡವುವುದು. ರಿಚರ್ಡ್ ಲೆವಂಟಿನ್ ಎಂಬ ತಳಿವಿಜ್ಞಾನಿ 1970ರಲ್ಲಿ ಬೀಜದ ಉದಾಹರಣೆ ಕೊಟ್ಟರು. ಅದನ್ನು ನಮ್ಮ ರಾಗಿಗೆ ಹೊಂದಿಸೋಣ.

ಹಲವು ತಳಿ ಬೆರೆತ ಒಂದು ಮೂಟೆ ನಾಟಿ ರಾಗಿ ತೆಗೆದುಕೊಳ್ಳಿ. ಒಂದು ಹಿಡಿಯನ್ನು ಗೊಬ್ಬರ, ನೀರು ಸಮನಾಗಿ ಕೊಟ್ಟ ಹೊಲಕ್ಕೆ, ಇನ್ನೊಂದು ಹಿಡಿಯನ್ನು ಮಳೆ ಕೈಕೊಟ್ಟ, ಎಲ್ಲೆಡೆ ಒಂದೇ ಸಮ ಬಡವಾದ ಹೊಲಕ್ಕೆ ಹಾಕಿ. ಮೊದಲ ಹೊಲದೊಳಗೆ ಎಲ್ಲ ಪೈರಿಗೂ ಒಂದೇ ಆರೈಕೆ. ಹಾಗಾಗಿ ಅಲ್ಲಿ ಒಂದು ಎತ್ತರ, ಒಂದು ಗಿಡ್ಡ ಇದ್ದರೆ ಅದು ಪೂರ್ತಿ ಬೀಜದ ವ್ಯತ್ಯಾಸ. ಎರಡನೇ ಹೊಲದೊಳಗೂ ಹಾಗೇ. ಆದರೆ ಹೊಲಕ್ಕೂ ಹೊಲಕ್ಕೂ ಇರುವ ಎತ್ತರದ ಅಂತರ ಪೂರ್ತಿ ಮಣ್ಣು, ನೀರಿನದು. ಮೂಟೆ ಒಂದೇ ಆಗಿತ್ತಲ್ಲ. ಇನ್ನು ಮೂಟೆಯ ಬದಲು ಬರೀ ಜಿಪಿಯು 28 ತಂದು ಬಿತ್ತಿದರೆ? ಬೀಜವೆಲ್ಲ ಒಂದೇ ತಳಿ. ಆಗ ಹೊಲದೊಳಗಿನ ಏರುಪೇರು ಹೆಚ್ಚುಕಡಿಮೆ ನೆಲದ್ದೇ ಆಗುತ್ತದೆ, ಜೀನ್ ಪಾಲಿನ ಅಂಕಿ ಸೊನ್ನೆಯ ಹತ್ತಿರ ಇಳಿಯುತ್ತದೆ. ರಾಗಿ ಬೆಳೆಯಲು ಜೀನ್ ಬೇಡವಾಯಿತು ಎಂದು ಯಾರೂ ಹೇಳುವುದಿಲ್ಲ.

ಶೇ 40 ಅನ್ನುವುದು ಒಂದು ಜನಸಮೂಹದೊಳಗೆ ಜನರ ನಡುವಿನ ವ್ಯತ್ಯಾಸದ ಅಳತೆ. ಒಬ್ಬ ಮಗುವಿನೊಳಗಿನ ಬೆರಕೆಯ ಅಳತೆ ಅಲ್ಲ. ಒಂದು ಜಾತಿ, ಒಂದು ಊರು ಇನ್ನೊಂದಕ್ಕಿಂತ ಏಕೆ ಬೇರೆ ಎಂಬುದಕ್ಕೂ ಅದು ಉತ್ತರ ಅಲ್ಲವೇ ಅಲ್ಲ.

[ದೃಶ್ಯ: ಶಾಯಿ ಹಚ್ಚಿದ ಬೆರಳು, ಕಾಗದದ ಮೇಲೆ ಅಚ್ಚು.]

ಕೋಪಕ್ಕೊಂದು, ನಾಚಿಕೆಗೊಂದು ಜೀನ್ ಇದೆಯೇ? ಇಲ್ಲ. ಸುಮಾರು 4,49,000 ಜನರ ಡಿಎನ್‌ಎ ಜಾಲಾಡಿದ 2018ರ ಅಧ್ಯಯನದಲ್ಲಿ ಆತಂಕದ ಸ್ವಭಾವಕ್ಕೆ ಸಂಬಂಧಿಸಿದ 136 ಜಾಗಗಳು ಸಿಕ್ಕವು. ಒಂದೊಂದರ ಪ್ರಭಾವವೂ ಸಾಸಿವೆಯಷ್ಟು. ಇಂಥವು ಸಾವಿರಾರು ಸೇರಿ ಕೆಲಸ ಮಾಡುತ್ತವೆ. ಇಷ್ಟು ತಿಳಿದ ಮೇಲೆ, ನಮ್ಮ ಜಿಲ್ಲಾ ಕೇಂದ್ರಗಳಲ್ಲೂ ನಡೆಯುವ ಒಂದು ವ್ಯಾಪಾರದ ಬಗ್ಗೆ ಹೇಳಲೇಬೇಕು. ಮಗುವಿನ ಹತ್ತು ಬೆರಳಿನ ಅಚ್ಚು ತೆಗೆದು, "ಹುಟ್ಟುಗುಣ ಇದು, ಎಂಜಿನಿಯರ್ ಆಗ್ತಾನೆ" ಎಂದು ಬಣ್ಣದ ವರದಿ ಕೊಟ್ಟು ಸಾವಿರಾರು ರೂಪಾಯಿ ಪಡೆಯುತ್ತಾರೆ. ಇದಕ್ಕೆ ವೈಜ್ಞಾನಿಕ ಆಧಾರ ಇಲ್ಲ. ಬೆರಳ ಗೆರೆಗಳು ಗರ್ಭದ ಮೂರನೇ, ನಾಲ್ಕನೇ ತಿಂಗಳ ಹೊತ್ತಿಗೆ ಮೂಡುತ್ತವೆ, ಡಿಎನ್‌ಎ ಒಂದೇ ಇರುವ ತದ್ರೂಪಿಗಳಿಗೂ ಬೇರೆಬೇರೆ ಇರುತ್ತವೆ. ಆ ದುಡ್ಡನ್ನು ಮಗುವಿನ ಪುಸ್ತಕಕ್ಕೆ ಹಾಕಿ.

[ದೃಶ್ಯ: ಶಿಡ್ಲಘಟ್ಟದ ರೇಷ್ಮೆ ಮನೆ. ಚಂದ್ರಿಕೆ, ಗೂಡು.]

ಜೀನ್ ಮತ್ತು ಪರಿಸರ ಪಕ್ಕಪಕ್ಕ ಕೂತಿಲ್ಲ, ಒಂದರ ಮೂಲಕ ಒಂದು ಕೆಲಸ ಮಾಡುತ್ತವೆ. ಶಿಡ್ಲಘಟ್ಟದ ರೇಷ್ಮೆಯವರಿಗೆ ದ್ವಿತಳಿ (ಸಹಜವಾಗಿ ವರ್ಷಕ್ಕೆ ಎರಡು ಪೀಳಿಗೆ ಬರುವ ರೇಷ್ಮೆ ಹುಳು) ಗೊತ್ತು. ಅದರ ಮೊಟ್ಟೆಯನ್ನು 25 ಡಿಗ್ರಿ ಬಿಸಿ, ಬೆಳಕಿನಲ್ಲಿ ಕಾವಿಗಿಟ್ಟರೆ, ಆ ಹುಳು ಮುಂದೆ ಚಿಟ್ಟೆಯಾಗಿ ಇಡುವ ಮೊಟ್ಟೆ ತಕ್ಷಣ ಒಡೆಯದೆ ತಿಂಗಳುಗಟ್ಟಲೆ ನಿದ್ದೆಗೆ ಬೀಳುತ್ತದೆ. ಅದೇ ತಳಿಯ ಮೊಟ್ಟೆಯನ್ನು 15 ಡಿಗ್ರಿ, ಕತ್ತಲಲ್ಲಿ ಇಟ್ಟರೆ, ಮುಂದಿನ ಮೊಟ್ಟೆ ನಿದ್ದೆಯಿಲ್ಲದೆ ಒಡೆಯುತ್ತದೆ. ಜೀನ್ ಒಂದೇ, ಕಾವಿನ ದಿನಗಳು ಬೇರೆ. ಮನುಷ್ಯರ ಸ್ವಭಾವ ಇಷ್ಟು ಸ್ವಿಚ್ಚು ಒತ್ತಿದಂತೆ ತಿರುಗುವುದಿಲ್ಲ, ಆದರೆ ಯಾವಾಗ ತಟ್ಟಿತು ಎಂಬುದಕ್ಕೆ ಬೆಲೆ ಇದೆ. ರುಮೇನಿಯದ ಬುಖಾರೆಸ್ಟಿನಲ್ಲಿ 2000ದಿಂದ ಅನಾಥಾಲಯದ 136 ಮಕ್ಕಳನ್ನು ಅನುಸರಿಸಿದರು. ಎತ್ತಿ ಮುದ್ದಿಸುವವರಿಲ್ಲದ ಮಕ್ಕಳು. ಸಾಕುಮನೆಗೆ ಹೋದವರು ಚೇತರಿಸಿಕೊಂಡರು, ಅದರಲ್ಲೂ ಸುಮಾರು 2 ವರ್ಷದೊಳಗೆ ಹೋದವರು ಹೆಚ್ಚು.

ಹಾಗಾದರೆ ಮನೆಯ ಪಾಲು 0.04 ಎಂದು ಬಂದದ್ದು ಏಕೆ? ಆ ಲೆಕ್ಕ ಹಾಕಿದ್ದು ಊಟ, ಪ್ರೀತಿ, ಶಾಲೆ ಇರುವ ಸಾಮಾನ್ಯ ಮನೆಗಳ ನಡುವೆ. ಜೊತೆಗೆ, ಅದು ಒಡಹುಟ್ಟಿದವರನ್ನು ಒಂದೇ ರೀತಿ ಮಾಡುವ ಪಾಲು ಮಾತ್ರ. ಅಪ್ಪ ಕೂಗಿದಾಗ ಒಬ್ಬ ಮಗ ತಿರುಗಿ ಕೂಗುತ್ತಾನೆ, ಇನ್ನೊಬ್ಬ ಹಿತ್ತಲಿಗೆ ಹೋಗಿ ಕೂರುತ್ತಾನೆ. ಮನೆ ಇಬ್ಬರನ್ನೂ ಮುಟ್ಟಿದೆ, ಎರಡು ದಿಕ್ಕಿಗೆ ತಳ್ಳಿದೆ. ಆ ಪ್ರಭಾವ 0.54ರಲ್ಲಿ ಅಡಗಿದೆ. ಮನೆ, ಬೀದಿಯ ಪೂರ್ಣ ಅಧಿಕಾರ ನೋಡಬೇಕೆಂದರೆ ಮುಳಬಾಗಿಲಿಗೆ ಬನ್ನಿ: ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಎರಡೂ ಸಲೀಸು. ಯಾವ ಭಾಷೆ ಆಡುತ್ತೀರಿ ಎಂಬುದರಲ್ಲಿ ಜೀನ್‌ಗೆ ಪಾಲಿಲ್ಲ.

ಹಿರಿಮಗ ಜವಾಬ್ದಾರಿ, ಕಿರಿಯ ಪೋಲಿ ಎಂಬ ನಂಬಿಕೆಯನ್ನು ಬಿಡಬಹುದು. 20,000ಕ್ಕೂ ಹೆಚ್ಚು ಜನರ 2015ರ ಅಧ್ಯಯನದಲ್ಲಿ ಹುಟ್ಟಿದ ಕ್ರಮಕ್ಕೂ ಶಿಸ್ತು, ಕೋಪ, ಬೆರೆಯುವ ಗುಣಕ್ಕೂ ನಂಟು ಕಾಣಲಿಲ್ಲ.

[ದೃಶ್ಯ: ಅಂಗನವಾಡಿ ಬಾಗಿಲು. ಅಮ್ಮನ ಸೆರಗು ಹಿಡಿದ ಮಗುವಿನ ಕೈ, ಹತ್ತಿರದಿಂದ.]

ಇನ್ನು ಮಾಡುವುದೇನು? ನ್ಯೂಯಾರ್ಕಿನಲ್ಲಿ 1956ರಿಂದ ಮಕ್ಕಳನ್ನು ಅನುಸರಿಸಿದ ಮನೋವೈದ್ಯ ದಂಪತಿ ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ ಸುಮಾರು ಶೇ 15 ಮಕ್ಕಳನ್ನು "ನಿಧಾನವಾಗಿ ಹೊಂದಿಕೊಳ್ಳುವವರು" ಎಂದು ಗುರುತಿಸಿದರು. ಅವರ ಪ್ರಕಾರ ಮಗುವಿನ ಗುಣವೊಂದರಿಂದ ತೊಂದರೆ ಹುಟ್ಟುವುದಿಲ್ಲ. ಆ ಗುಣಕ್ಕೂ ಸಾಕುವ ರೀತಿಗೂ ಹೊಂದದಿದ್ದಾಗ ಹುಟ್ಟುತ್ತದೆ.

ನಿಮ್ಮ ಮಗು ಹೀಗಿದ್ದರೆ ಅಂಗನವಾಡಿ ಸೇರಿಸುವ ವಾರ ಮೊದಲೇ, ಮಕ್ಕಳು ಮನೆಗೆ ಹೋದ ಮೇಲೆ, ಖಾಲಿ ಕೋಣೆಗೆ ಕರೆದೊಯ್ಯಿರಿ. ಹದಿನೈದು ನಿಮಿಷ ಸಾಕು. ಮರುದಿನ ಒಂದಿಬ್ಬರು ಮಕ್ಕಳಿರುವಾಗ ಹೋಗಿ. ಮಗು ಸೆರಗು ಹಿಡಿದು ನಿಂತು ನೋಡಲಿ, ಕೈ ಬಿಡಿಸಿ ಮುಂದೆ ತಳ್ಳಬೇಡಿ. ಟೀಚರ್ ಹೆಸರು ಕೇಳಿದಾಗ ಮಗುವಿನ ಬದಲು ನೀವು ಉತ್ತರ ಕೊಡಬೇಡಿ, ಹತ್ತು ಎಣಿಸುವಷ್ಟು ಹೊತ್ತು ಕಾಯಿರಿ. "ಇವನಿಗೆ ನಾಚಿಕೆ ಜಾಸ್ತಿ" ಎಂದು ಅವನ ಎದುರೇ ಹೇಳುವುದನ್ನು ಇವತ್ತೇ ನಿಲ್ಲಿಸಿ. ಆದರೆ ಅತ್ತ ಎಂದು ಮನೆಗೆ ವಾಪಸ್ ಕರೆತಂದರೆ, ಅತ್ತರೆ ತಪ್ಪಿಸಿಕೊಳ್ಳಬಹುದು ಎಂದು ಮಗು ಕಲಿಯುತ್ತದೆ, ಭಯ ಬೆಳೆಯುತ್ತದೆ.

ಮುಂಗೋಪದ ಮಗುವಿಗೆ ಬೇರೆ ಉಪಾಯ. ಫೋನು ಕಿತ್ತುಕೊಳ್ಳುವ ದೃಶ್ಯ ನೆನೆಸಿಕೊಳ್ಳಿ. ನೀವು ಬೈಯುತ್ತೀರಿ, ಮಗು ಚೀರುತ್ತದೆ, ನೀವು ಇನ್ನೂ ಜೋರು, ಅದು ನೆಲಕ್ಕೆ ಬಿದ್ದು ಹೊರಳುತ್ತದೆ, ಕೊನೆಗೆ "ತಗೊಂಡು ಸಾಯಿ" ಎಂದು ಕೊಟ್ಟುಬಿಡುತ್ತೀರಿ. ಚೀರಿದರೆ ಸಿಗುತ್ತದೆ ಎಂದು ಮಗು ಕಲಿಯಿತು. ಕೊಟ್ಟರೆ ಸದ್ದು ನಿಲ್ಲುತ್ತದೆ ಎಂದು ನೀವೂ ಕಲಿತಿರಿ. ಜೀನ್ ಕೊಟ್ಟ ಕಿಡಿಗೆ ದಿನಾ ಹೀಗೆ ಸೌದೆ ಬೀಳುತ್ತದೆ. ಐದು ನಿಮಿಷ ಮೊದಲೇ ಹೇಳಿ. ಹತ್ತಿರ ಹೋಗಿ ಒಂದೇ ವಾಕ್ಯದಲ್ಲಿ, ಸಣ್ಣ ದನಿಯಲ್ಲಿ ಹೇಳಿ. ತೆಗೆದುಕೊಂಡ ಮೇಲೆ ಚೀರಿದರೂ ಕೊಡಬೇಡಿ. ಮೊದಲ ಕೆಲವು ದಿನ ಚೀರಾಟ ಕಡಿಮೆಯಾಗುವ ಬದಲು ಹೆಚ್ಚುತ್ತದೆ, ಹೆಚ್ಚಿನವರು ಸೋಲುವುದು ಆಗಲೇ. ಹಸಿವು, ನಿದ್ದೆಗೆಟ್ಟ ಹೊತ್ತಿನಲ್ಲಿ ಈ ಪ್ರಯೋಗ ಬೇಡ.

ಕೂಗಾಡುವ ಅಪ್ಪನೂ ಬದಲಾಗಬಹುದು. 207 ಅಧ್ಯಯನಗಳನ್ನು ಕೂಡಿಸಿದ 2017ರ ವರದಿಯಲ್ಲಿ, ಸರಾಸರಿ 24 ವಾರಗಳ ಚಿಕಿತ್ಸೆ, ಆಪ್ತಸಮಾಲೋಚನೆಯಿಂದ ದೊಡ್ಡವರ ಸ್ವಭಾವದಲ್ಲೂ ಅಳೆಯಬಹುದಾದ ಬದಲಾವಣೆ ಕಂಡಿತು, ಎಲ್ಲಕ್ಕಿಂತ ಹೆಚ್ಚಾಗಿ ಆತಂಕ, ಉದ್ವೇಗದಲ್ಲಿ. ಕೋಪ ಕೈಮೀರಿ ಮನೆಯವರಿಗೆ ಏಟು ಬೀಳುತ್ತಿದ್ದರೆ, ಅಥವಾ ಮಗು ವಾರಗಟ್ಟಲೆ ಶಾಲೆಯ ಹೆಸರೆತ್ತಿದರೆ ಹೊಟ್ಟೆನೋವು ಎನ್ನುತ್ತಿದ್ದರೆ, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.

[ದೃಶ್ಯ: ಪರದೆಯ ಮೇಲೆ 14416.]