ಛತ್ರದ ಖರ್ಚು

ಕೇಳುಗರಿಗೆ ನಮಸ್ಕಾರ.

ಮೊನ್ನೆ ಒಂದು ಭಾನುವಾರ ಎಂಟು ಗಂಟೆಯ ಕನ್ನಡ ಆರಾಧನೆಗೆ ಹೊರಟಿದ್ದೆ. ಆಗಲೇ ಏಳೂ ಮುಕ್ಕಾಲು. ಚರ್ಚಿನಲ್ಲಿ ಹಾಡುವ ಗುಂಪಿನವನು ನಾನು, ತಡವಾದರೆ ಎಲ್ಲರೂ ತಿರುಗಿ ನೋಡ್ತಾರೆ. ಶಿವಾಜಿನಗರದ ಹತ್ತಿರ ಒಂದು ತಿರುವಿನಲ್ಲಿ, ರಸ್ತೆ ಅಗೆದು ಮುಚ್ಚಿ ಜಲ್ಲಿ ಹರಡಿದ್ದ ಜಾಗದಲ್ಲಿ, ಡೆಲಿವರಿ ಹುಡುಗನೊಬ್ಬ ಸ್ಕೂಟರ್ ಸಮೇತ ಬಿದ್ದಿದ್ದ. ಸಾಂಬಾರ್ ಪೊಟ್ಟಣ ಒಡೆದು ಟಾರಿನ ಮೇಲೆ ಹರಿಯುತ್ತಿತ್ತು. ಮೊಣಕೈಯಲ್ಲಿ ರಕ್ತ. ಅಷ್ಟರಲ್ಲಿ ಅವನ ಫೋನ್ ಹೊಡೆದುಕೊಂಡಿತು. ಕೂತಲ್ಲಿಂದಲೇ ಎತ್ತಿ, "ಸರ್, ಐದೇ ನಿಮಿಷ, ಬಂದೆ ಸರ್" ಅಂದ.

ನಾನು ನಿಲ್ಲಿಸಲಿಲ್ಲ. ಕನ್ನಡಿಯಲ್ಲಿ ನೋಡಿದೆ. ಹೂವಿನ ಗಾಡಿಯ ಅಮ್ಮ ಎದ್ದು ಬರುತ್ತಿದ್ದರು, ಒಂದು ಆಟೋ ನಿಂತಿತ್ತು. ಯಾರೋ ನೋಡ್ಕೋತಾರೆ ಅಂದುಕೊಂಡೆ. ಅವತ್ತು ಚರ್ಚಿನಲ್ಲಿ ಪಾದ್ರಿಗಳ ಪ್ರಸಂಗ ಯಾವುದರ ಮೇಲಿತ್ತು ಅಂತ ಕೇಳಬೇಡಿ, ಒಂದು ಮಾತೂ ನೆನಪಿಲ್ಲ.

ಬೈಬಲಿನ ಲೂಕನ ಸುವಾರ್ತೆಯ ಹತ್ತನೇ ಅಧ್ಯಾಯದ ಕಥೆ ಬಹಳ ಜನಕ್ಕೆ ಗೊತ್ತು. ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿಯುವ ದಾರಿ. ಕಳ್ಳರು ಒಬ್ಬನನ್ನು ಹೊಡೆದು ಬಿಸಾಕಿ ಹೋಗಿದ್ದಾರೆ. ಒಬ್ಬ ಯಾಜಕ ಬರುತ್ತಾನೆ, ನೋಡಿ ಆಚೆ ಬದಿಯಿಂದ ಹೋಗುತ್ತಾನೆ. ದೇವಾಲಯದ ಕೆಲಸದ ಲೇವಿಯನೂ ಹಾಗೆಯೇ. ಅವರಿಗೂ ಆರಾಧನೆಗೆ ತಡವಾಗಿತ್ತೋ ಏನೋ! ಆ ಇಬ್ಬರೂ ಯೆಹೂದ್ಯರು. ನಿಂತವನು ಪಕ್ಕದ ಸೀಮೆಯ ಸಮಾರ್ಯದವನು. ಯೆಹೂದ್ಯರಿಗೂ ಸಮಾರ್ಯದವರಿಗೂ ಆಗ ಮಾತುಕತೆಯೇ ಇರಲಿಲ್ಲ.

ನಾವು ಕಥೆಯನ್ನು ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿದ ಕಡೆಗೇ ನಿಲ್ಲಿಸಿಬಿಡುತ್ತೇವೆ. ನನಗೆ ಈಗ ಕಾಡುವುದು ಆಮೇಲಿನ ಭಾಗ. ಅವನು ಗಾಯಾಳುವನ್ನು ಛತ್ರಕ್ಕೆ ಕರೆದುಕೊಂಡು ಹೋಗುತ್ತಾನೆ. ರಾತ್ರಿ ಆರೈಕೆ ಮಾಡುತ್ತಾನೆ. ಬೆಳಿಗ್ಗೆ ಛತ್ರದವನ ಕೈಗೆ ಎರಡು ಬೆಳ್ಳಿ ನಾಣ್ಯ ಇಡುತ್ತಾನೆ. ಆಗ ಅದು ಎರಡು ದಿನದ ಕೂಲಿ. ಇನ್ನೂ ಜಾಸ್ತಿ ಖರ್ಚಾದರೆ ವಾಪಸ್ ಬರುವಾಗ ಕೊಡ್ತೀನಿ ಅನ್ನುತ್ತಾನೆ. ಕನಿಕರಕ್ಕೂ ಲೆಕ್ಕ ಇರುತ್ತದೆ, ಅಲ್ವಾ?

ಆ ಲೆಕ್ಕಕ್ಕೇ ನಾವು ಹೆದರುವುದು. ಆಸ್ಪತ್ರೆಯಲ್ಲಿ ದುಡ್ಡು ಕಟ್ಟು ಅಂದರೆ? ಪೊಲೀಸರು ಕರೆದರೆ? ಈ ಹೆದರಿಕೆಗೆ ಸರ್ಕಾರ ಉತ್ತರ ಕೊಟ್ಟಿದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಅನ್ನುವ ಕಲಂ ಸೇರಿತು. ಒಳ್ಳೆಯ ಮನಸ್ಸಿನಿಂದ ಗಾಯಾಳುವಿಗೆ ನೆರವಾದವನ ಮೇಲೆ, ಅವನ ಕೈತಪ್ಪಿನಿಂದ ಏನಾದರೂ ಆದರೂ, ಕೇಸು ಹಾಕುವಂತಿಲ್ಲ. ಹೆಸರು, ವಿಳಾಸ ಹೇಳಲೇಬೇಕು ಅಂತ ಒತ್ತಾಯಿಸುವಂತಿಲ್ಲ. ಕಾನೂನಿನಲ್ಲಿ ಅವನಿಗಿಟ್ಟ ಹೆಸರೇ 'ಗುಡ್ ಸಮಾರಿಟನ್', ಅಂದರೆ ಒಳ್ಳೆಯ ಸಮಾರ್ಯದವನು. ಛತ್ರದ ಖರ್ಚಿಗೂ ದಾರಿಯಾಗಿದೆ. 2025ರ ಮೇ ತಿಂಗಳಿಂದ ಕೇಂದ್ರದ ಯೋಜನೆಯಲ್ಲಿ ರಸ್ತೆ ಅಪಘಾತದ ಗಾಯಾಳುವಿಗೆ ಗೊತ್ತುಮಾಡಿದ ಆಸ್ಪತ್ರೆಗಳಲ್ಲಿ 7 ದಿನದವರೆಗೆ, 1.5 ಲಕ್ಷ ರೂಪಾಯಿವರೆಗೆ ನಗದಿಲ್ಲದ ಚಿಕಿತ್ಸೆ ಉಂಟು. ಅದೇ ವರ್ಷ ನಮ್ಮ ರಾಜ್ಯ ಡೆಲಿವರಿ ಹುಡುಗರಂಥ ಗಿಗ್ ಕೆಲಸಗಾರರಿಗಾಗಿ ಕಾಯ್ದೆ ಮಾಡಿತು. ಕಂಪನಿಗಳು ಕೊಡುವ ಶುಲ್ಕದಿಂದ ಅವರಿಗೊಂದು ಕ್ಷೇಮನಿಧಿ.

ಇದೆಲ್ಲ ನನಗೆ ಮೊದಲೇ ಗೊತ್ತಿತ್ತು. ಪೇಪರ್ ಓದುವವನು ನಾನು. ಗೊತ್ತಿದ್ದೂ ಗೇರ್ ಬದಲಾಯಿಸಿದೆ.

ಆರಾಧನೆ ಮುಗಿಸಿ ಅದೇ ದಾರಿಯಲ್ಲಿ ಬಂದೆ. ಸಾಂಬಾರಿನ ಮೇಲೆ ಯಾರೋ ಮಣ್ಣು ಹಾಕಿದ್ದರು. ಹೂವಿನ ಗಾಡಿಯ ಮೊಳೆಗೆ ಒಂದು ಹೆಲ್ಮೆಟ್ ನೇತಾಡುತ್ತಿತ್ತು. ನಾನು ಅದನ್ನೇ ನೋಡುತ್ತಿದ್ದದ್ದು ಕಂಡು ಆ ಅಮ್ಮ, "ನಿಮ್ ಕಡೆ ಹುಡ್ಗನಾ ಸಾರ್?" ಅಂದರು. ಅಲ್ಲ ಅಂದೆ.

ಮುಂದಿನ ವಾರ ಹೆಲ್ಮೆಟ್ ಇರಲಿಲ್ಲ. ಕೇಳಿದೆ. ಬಂದು ತಗೊಂಡು ಹೋದನಂತೆ. ಕೈಗೆ ಇನ್ನೂ ಪಟ್ಟಿ, ಬೆನ್ನಿಗೆ ಅದೇ ಬ್ಯಾಗು. ನಿಂತು ಒಂದು ಲೋಟ ಕಾಫಿ ಕುಡಿ ಅಂದರೆ, ಆರ್ಡರ್ ಇದೆ ಅಮ್ಮಾ ಅಂದನಂತೆ.