ಕೈ ಕೊಟ್ಟವರು ಯಾರು?

ಕೇಳುಗರಿಗೆ ನಮಸ್ಕಾರ.

‘ಮದುವೆ ದಿನ ಅಡುಗೆ ಭಟ್ಟರು ಕೈ ಕೊಟ್ಟುಬಿಟ್ಟರು’ ಅಂತ ಯಾರಾದರೂ ಹೇಳಿದರೆ ನಾವು ‘ಅಯ್ಯೋ, ಆಮೇಲೇನು ಮಾಡಿದಿರಿ?’ ಅನ್ನುತ್ತೇವೆ. ಅದನ್ನೇ ಪದಕ್ಕೆ ಪದ ಇಟ್ಟು ಇಂಗ್ಲಿಷಿಗೆ ತಿರುಗಿಸಿ ನೋಡಿ. ‘ಗೇವ್ ಅಸ್ ಎ ಹ್ಯಾಂಡ್’ ಆಯಿತು. ಕೇಳಿದವರು, ಎಂಥ ಒಳ್ಳೆಯ ಭಟ್ಟರು, ನೆರವಿಗೆ ನಿಂತರಲ್ಲ ಅಂತ ಮೆಚ್ಚಿಕೊಳ್ಳುತ್ತಾರೆ!

ಹೊಟ್ಟೆಯದೂ ಇದೇ ಕಥೆ. ನಮ್ಮ ಹೊಟ್ಟೆಗೆ ಕಿಚ್ಚು ಬೀಳುವುದು ಪಕ್ಕದ ಮನೆಗೆ ಹೊಸ ಕಾರು ಬಂದಾಗ. ಇಂಗ್ಲಿಷಿನ ‘ಫೈರ್ ಇನ್ ದ ಬೆಲ್ಲಿ’ ಮಾತ್ರ ಹೊಗಳಿಕೆ. ಸಾಧಿಸಿಯೇ ತೀರುತ್ತೇನೆ ಎಂಬ ಛಲ ಅದು.

ಅರ್ಥ ಗೊತ್ತಾದರೂ ಸಾಲದು. ‘ಕಿಕ್ ದ ಬಕೆಟ್’ ಅಂದರೆ ಸಾಯುವುದು, ಸರಿ. 1785ರಲ್ಲಿ ಫ್ರಾನ್ಸಿಸ್ ಗ್ರೋಸ್ ಎಂಬಾತ ಪ್ರಕಟಿಸಿದ ನಿಘಂಟಿನಲ್ಲೇ ಅದಿದೆ. ಆದರೆ ಅದು ಬೀದಿಮಾತುಗಳ ನಿಘಂಟು! ನಮ್ಮ ‘ಗೊಟಕ್ ಅಂದ’ ಇದೆಯಲ್ಲ, ಹೆಚ್ಚುಕಮ್ಮಿ ಅದೇ ಜಾತಿ. ಸಾವಿನ ಮನೆಗೆ ಹೋಗಿ ‘ನಿಮ್ಮ ತಂದೆ ಗೊಟಕ್ ಅಂದರಂತೆ’ ಅನ್ನುತ್ತೇವೆಯೇ? ‘ತೀರಿಕೊಂಡರಂತೆ’ ಅನ್ನುತ್ತೇವೆ. ಇಂಗ್ಲಿಷಿನಲ್ಲಿ ಆ ಜಾಗಕ್ಕೆ ‘ಪಾಸ್ಡ್ ಅವೇ’ ಇದೆ. ಮಕ್ಕಳು ಬಾಯಿಪಾಠ ಮಾಡುವ ನುಡಿಗಟ್ಟಿನ ಪಟ್ಟಿಗಳ ಮೇಲೆ ನನಗಿರುವ ತಕರಾರು ಇದೇ. ಅರ್ಥ ಬರೆದಿರುತ್ತಾರೆ. ಯಾರ ಮುಂದೆ ಆಡಬಾರದು ಅನ್ನುವುದನ್ನು ಬರೆದಿರುವುದಿಲ್ಲ.

ಇಂಗ್ಲಿಷನ್ನೇ ಆಡಿ ಬೆಳೆದವರೂ ಇಲ್ಲಿ ಎಡವುತ್ತಾರೆ. ಒಂದು ವಿಷಯವನ್ನು ‘ಟೇಬಲ್’ ಮಾಡೋಣ ಅಂದರೆ ಬ್ರಿಟನ್ನಿನಲ್ಲಿ ಈಗಲೇ ಚರ್ಚೆಗೆ ತರೋಣ ಅಂತ, ಅಮೆರಿಕದಲ್ಲಿ ಸದ್ಯಕ್ಕೆ ಬದಿಗಿಡೋಣ ಅಂತ. ಎರಡನೇ ಮಹಾಯುದ್ಧದ ನಡುವೆ ಎರಡೂ ಕಡೆಯ ಅಧಿಕಾರಿಗಳು ಈ ಒಂದು ಪದಕ್ಕಾಗಿ ಬಹಳ ಹೊತ್ತು ಜಗಳಾಡಿದರಂತೆ. ಆಮೇಲೆ ನೋಡಿದರೆ ಇಬ್ಬರಿಗೂ ಬೇಕಾಗಿದ್ದದ್ದು ಒಂದೇ! ಚರ್ಚಿಲ್ ತಮ್ಮ ಯುದ್ಧದ ನೆನಪುಗಳಲ್ಲಿ ಇದನ್ನು ಬರೆದಿದ್ದಾರೆ. ನಮ್ಮ ವಿಧಾನಸಭೆಯಲ್ಲಿ ವರದಿ ‘ಟೇಬಲ್’ ಆಯಿತು ಅಂದರೆ ಮಂಡನೆಯಾಯಿತು ಅಂತಲೇ. ನಾವು ಬ್ರಿಟನ್ನಿನ ದಾರಿ ಹಿಡಿದವರು.

ಆ ದಾರಿಯಲ್ಲೇ ಬಂದದ್ದು ‘ಔಟ್ ಆಫ್ ಸ್ಟೇಷನ್’. ಬ್ರಿಟಿಷರ ಆಳ್ವಿಕೆಯಲ್ಲಿ ಅಧಿಕಾರಿಗಳು ನೆಲೆಸಿದ್ದ ಊರಿಗೆ ‘ಸ್ಟೇಷನ್’ ಅನ್ನುತ್ತಿದ್ದರು. ಅವರು ಹೋದರು, ಮಾತು ನಮ್ಮ ಬಳಿ ಉಳಿಯಿತು. ಇವತ್ತು ಲಂಡನ್ನಿನಲ್ಲಿ ಹಾಗಂದರೆ ಯಾವ ರೈಲು ತಪ್ಪಿತು ಅಂತ ಕೇಳಿಯಾರು. ಅಲ್ಲಿ ‘ಔಟ್ ಆಫ್ ಟೌನ್’ ಅನ್ನಿ. ಇಲ್ಲಿ ಬದಲಿಸಬೇಕಾದ್ದಿಲ್ಲ. ನಾನಂತೂ ನಾಳೆಯಿಂದ ಎರಡು ದಿನ ಔಟ್ ಆಫ್ ಸ್ಟೇಷನ್.

ನಮಸ್ಕಾರ.