ಸ್ವಲ್ಪ ನಿತ್ರಾಣ, ಅಷ್ಟೇ ಅಲ್ಲ

ಕೇಳುಗರಿಗೆ ನಮಸ್ಕಾರ.

ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆ ಎಷ್ಟೋ ಮನೆಗಳಲ್ಲಿ ಈಗ ಹಿರಿಯರಿಬ್ಬರೇ. ಮಕ್ಕಳು ಬೆಂಗಳೂರಿನಲ್ಲೋ ಗಲ್ಫಿನಲ್ಲೋ ಇರುತ್ತಾರೆ. ಫೋನಿನಲ್ಲಿ ಕೇಳಿದರೆ, "ಏನಿಲ್ಲ ಮಗಾ, ಸ್ವಲ್ಪ ನಿತ್ರಾಣ, ವಯಸ್ಸಾಯ್ತಲ್ವಾ" ಅನ್ನುತ್ತಾರೆ. ದಯವಿಟ್ಟು ಮಾತನ್ನು ಅಲ್ಲಿಗೇ ಬಿಡಬೇಡಿ.

ವಯಸ್ಸಾದವರೆಲ್ಲ ಹೀಗಾಗುವುದಿಲ್ಲ. ಎಂಬತ್ತು ದಾಟಿಯೂ ದಿನಾ ತೋಟ ಸುತ್ತುವವರಿದ್ದಾರೆ. ಕೆಲವರಿಗೆ ಮಾತ್ರ ಸಣ್ಣ ಜ್ವರ ಬಂದು ಹೋದರೂ ಮೊದಲಿನ ಹಾಗೆ ಏಳಲಾಗುವುದಿಲ್ಲ. 2001ರಲ್ಲಿ ಅಮೆರಿಕದ ವೈದ್ಯೆ ಲಿಂಡಾ ಫ್ರೀಡ್ ಮತ್ತು ಸಂಗಡಿಗರು, ಇಂಗ್ಲಿಷಿನಲ್ಲಿ ಫ್ರೇಲ್ಟಿ ಎನ್ನುವ ಈ ನಿತ್ರಾಣಕ್ಕೆ ಐದು ಗುರುತು ಹೇಳಿದರು. ವರ್ಷದೊಳಗೆ ತಾನಾಗಿಯೇ ನಾಲ್ಕೂವರೆ ಕಿಲೋದಷ್ಟು ತೂಕ ಇಳಿಯುವುದು, ಸದಾ ದಣಿವು, ಕೈಹಿಡಿತ ಸಡಿಲವಾಗುವುದು, ನಡಿಗೆ ನಿಧಾನವಾಗುವುದು, ಓಡಾಟ ಕಡಿಮೆಯಾಗುವುದು. ಇದರಲ್ಲಿ ಮೂರು ಕಂಡರೆ ವೈದ್ಯರಿಗೆ ತೋರಿಸಲೇಬೇಕು. ಮನೆಯಲ್ಲೇ ಗಮನಿಸಿ: ರವಿಕೆ ದೊಗಳೆಯಾಗಿದೆಯೇ? ಡಬ್ಬದ ಮುಚ್ಚಳ ತೆರೆಯಲು ಬರುತ್ತದೆಯೇ? ಕುರ್ಚಿಯಿಂದ ಏಳಲು ಎರಡೂ ಕೈ ಊರಬೇಕೇ?

ನಾವು ಪ್ರೀತಿಯಿಂದಲೇ "ನೀವು ಸುಮ್ನೆ ಕೂತಿರಿ ಅಮ್ಮಾ" ಅನ್ನುತ್ತೇವೆ. ಆದರೆ ಕೂತಷ್ಟೂ ಸ್ನಾಯು ಕರಗುತ್ತದೆ. ಅವರು ಅಡಿಕೆ ಸುಲಿಯಲಿ, ಹೂ ಕೊಯ್ಯಲಿ. ಮೇಜು ಹಿಡಿದು ಕುರ್ಚಿಯಿಂದ ಎದ್ದು ಕೂರುವುದನ್ನು ದಿನಾ ಅಭ್ಯಾಸ ಮಾಡಲಿ; ಪಕ್ಕದಲ್ಲಿ ಒಬ್ಬರು ನಿಂತಿರಿ.

ಊಟದ ವಿಷಯವೂ ಹಾಗೆಯೇ. ಹಲ್ಲಿಲ್ಲ, ಹಸಿವಿಲ್ಲ ಎಂದು ಬರೀ ಗಂಜಿ, ಉಪ್ಪಿನಕಾಯಿಗೆ ಬಂದು ನಿಂತಿರುತ್ತದೆ. ಐವತ್ತು ಕಿಲೋ ತೂಕದ ಹಿರಿಯರಿಗೆ ದಿನಕ್ಕೆ 50ರಿಂದ 60 ಗ್ರಾಂ ಪ್ರೋಟೀನ್ ಬೇಕು. ಗಂಜಿಯ ಜೊತೆ ಬೇಯಿಸಿದ ಹೆಸರುಕಾಳು, ಗಟ್ಟಿ ಮೊಸರು, ತಿನ್ನುವವರಿಗೆ ಮೊಟ್ಟೆ, ಮೀನು ಇರಲಿ. ಕಿಡ್ನಿ ತೊಂದರೆ ಇದ್ದವರು ಮೊದಲು ವೈದ್ಯರನ್ನು ಕೇಳಿ. ವೈದ್ಯರ ಬಳಿ ಹೋಗುವಾಗ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಚೀಲದಲ್ಲಿ ಒಯ್ಯಿರಿ. ನಿದ್ದೆ ಮಾತ್ರೆ, ಬಿ.ಪಿ. ಮಾತ್ರೆ ಜಾಸ್ತಿಯಾಗಿ ತಲೆ ತಿರುಗಿ ಬೀಳುವುದುಂಟು.

ಮಳೆಗಾಲದಲ್ಲಿ ಅಂಗಳದ ಪಾಚಿಯ ಮೇಲೆ ಸೋಗೆ ಹಾಸುತ್ತೇವಲ್ಲ, ಅಷ್ಟೇ ಎಚ್ಚರ ಬಚ್ಚಲಲ್ಲೂ ಬೇಕು. ಗೋಡೆಗೆ ಒಂದು ಗಟ್ಟಿ ಹಿಡಿ ಹಾಕಿಸಿ.

ಕೇರಳದಲ್ಲಿ 2008ರಿಂದ ಪಾಲಿಯೇಟಿವ್ ಆರೈಕೆಗೆ, ಅಂದರೆ ನೋವು, ಕಷ್ಟ ತಗ್ಗಿಸಿ ನೆಮ್ಮದಿ ಕೊಡುವ ಆರೈಕೆಗೆ, ಸರಕಾರದ್ದೇ ನೀತಿಯಿದೆ. ಪಂಚಾಯತಿನ ನರ್ಸ್ ಮನೆಗೇ ಬರುತ್ತಾರೆ. ಹಾಸಿಗೆ ಹಿಡಿಯುವವರೆಗೆ ಕಾಯದೆ ಆಶಾ ಕಾರ್ಯಕರ್ತೆಗೆ ತಿಳಿಸಿ. ನಮ್ಮ ಗಡಿಭಾಗದಲ್ಲಿ ಇನ್ನೊಂದು ಕಷ್ಟವಿದೆ. ಬಂದವರು ಮಲಯಾಳದಲ್ಲಿ ಕೇಳುತ್ತಾರೆ, ಅರ್ಥವಾಗದ ಅಜ್ಜಿ ಸಂಕೋಚದಿಂದ ಎಲ್ಲದಕ್ಕೂ ತಲೆಯಾಡಿಸುತ್ತಾರೆ. ನೋವು ಹೇಳದೆ ಉಳಿಯುತ್ತದೆ. ಆ ಹೊತ್ತಿಗೆ ಎರಡೂ ಭಾಷೆ ಬಲ್ಲ ನೆರೆಮನೆಯವರು ಯಾರಾದರೂ ಪಕ್ಕದಲ್ಲಿ ಕೂತುಕೊಳ್ಳಿ. ಅಜ್ಜಿಯ ಪರವಾಗಿ ಉತ್ತರ ಕೊಡಬೇಡಿ, ಅವರನ್ನೇ ಕೇಳಿ, ಅವರು ಹೇಳಿದ್ದನ್ನು ದಾಟಿಸಿ.

ನಮಸ್ಕಾರ.